ಜಾನಕಮ್ಮನ ಆಳಾಕ್ಕು, ನನ್ನ ತಕ್ಕಡಿ

ಪೆರಂಬೂರಿನ ನನ್ನ ದಿನಸಿ ಅಂಗಡಿಗೆ ಬರುತ್ತಿದ್ದ ಕನ್ನಡದವರಲ್ಲಿ ಜಾನಕಮ್ಮನಷ್ಟು ಚೌಕಾಸಿ ಮಾಡುವವರು ಇನ್ನೊಬ್ಬರಿರಲಿಲ್ಲ. ರೈಲು ಡಬ್ಬಿ ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಮೂವತ್ತು ಮನೆಗೆ ಕೊಡುತ್ತಿದ್ದರು. ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಮಾಧ್ವರು. ಮಾತು ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ಇಳಿಯುತ್ತಿತ್ತು. ಕಿಲೋ ಲೆಕ್ಕ ಅವರ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಅತ್ತೆಯ ಕಾಲದ ಹಿತ್ತಾಳೆ ಆಳಾಕ್ಕು, ಸಣ್ಣ ಲೋಟದಷ್ಟು ಹಿಡಿಯುವ ಅಳತೆ, ಅದೇ ಅವರ ಶಾಸ್ತ್ರ. ಆರು ಆಳಾಕ್ಕು ಮಾವಿನ ಹೋಳಿದ್ದರೆ ಉಪ್ಪು ಒಂದು, ಖಾರದ ಪುಡಿ ಒಂದು, ಸಾಸಿವೆ ಪುಡಿ ಒಂದು.

2001ರ ಬೇಸಿಗೆಯಲ್ಲಿ ಅಡ್ಯಾರಿನ ಸುಮೇಧಾ ಎಂಬಾಕೆ ಮಗಳ ಮದುವೆಗೆ ಉಪ್ಪಿನಕಾಯಿ ಹೇಳಿದರು. ಅಷ್ಟೊಂದು ಪುಡಿ ಮನೆಯಲ್ಲಿ ಕುಟ್ಟಲಾಗದೆ ಜಾನಕಮ್ಮ ನನ್ನ ಹತ್ತಿರ ಬಂದರು.

"ಅಂದಾನಿ, ಉಪ್ಪು, ಖಾರ, ಸಾಸಿವೆ ಮೂರೂ ಇಪ್ಪತ್ತಿಪ್ಪತ್ತು ಆಳಾಕ್ಕು ಕೊಡು."

"ಈ ಅಂಗಡೀಲಿ ಲೋಟ ಓಡಲ್ಲ ಜಾನಕಮ್ಮೋರೆ, ಕಿಲೋ ಹೇಳಿ."

"ಅದು ನಿನ್ನ ವೇಲೆಪ್ಪಾ. ಕಲಸೋದು ನನ್ನ ಕೆಲಸ."

ಅವರು ತಂದಿದ್ದ ಆಳಾಕ್ಕಿನ ತುಂಬ ಉಪ್ಪು ಹಾಕಿ ತೂಗಿದೆ. ಇನ್ನೂರು ಗ್ರಾಂ. ಇಪ್ಪತ್ತಕ್ಕೆ ನಾಲ್ಕು ಕಿಲೋ. ಉಳಿದೆರಡನ್ನು ಯಾರು ತೂಗುತ್ತಾರೆ? ಮೂರಕ್ಕೂ ನಾಲ್ಕು ನಾಲ್ಕು ಕಿಲೋ ಎಂದು ಚೀಟಿ ಬರೆದು ಕಟ್ಟಿಕೊಟ್ಟೆ.

"ಖಾರದ ಪೊಟ್ಟಣ ಇಷ್ಟು ದಪ್ಪ ಯಾಕಿದೆ?" ಅಂದರು.

"ನಿಮ್ಮ ಕಣ್ಣಿಗಿಂತ ನನ್ನ ತಕ್ಕಡಿ ಓದಿಕೊಂಡಿದೆ," ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಜಾನಕಮ್ಮ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೋದರು.

ಮದುವೆಗೆ ನಾನೂ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಬೆರಳು ನೆಕ್ಕಿ ನೀರಿಗೆ ಕೈಚಾಚಿದರು. "ಇದೇನ್ರೀ, ಬೀಗರು ನಮ್ಮ ಬಾಯಿ ಕಟ್ಟೋಕೆ ಮಾಡಿಸಿದ್ದಾ?" ಒಂದೊಂದೇ ಎಲೆಯ ತುದಿಗೆ ಉಪ್ಪಿನಕಾಯಿ ಸರಿಯಿತು. ಕೆಂಪಾದ ಮುಖದಲ್ಲಿ ಸುಮೇಧಾ ಕೇಳಿದರು: "ಏನಾಯ್ತು ಮಾಮಿ?"

ಜಾನಕಮ್ಮ ಕಂಬದ ಪಕ್ಕ ನಿಂತಿದ್ದರು. "ವಯಸ್ಸಾಯ್ತಮ್ಮಾ, ಕೈ ತಪ್ಪಿತು," ಅಂದರು. ನನ್ನ ಕಡೆ ನೋಡಲೂ ಇಲ್ಲ. ನಾನು ತಲೆ ತಗ್ಗಿಸಿ ಪಾಯಸ ಕುಡಿದೆ. ಕುಡಿದೆ ಅನ್ನುವುದೇ ಈಗ ನಾಚಿಕೆ.

ಮರುದಿನ ಬಾಗಿಲು ತೆರೆದವನೇ ಅಷ್ಟೇ ಹಿಡಿಯುವ ಲೋಟದಲ್ಲಿ ಖಾರದ ಪುಡಿ ತೂಗಿದೆ. ಎಂಬತ್ತು ಗ್ರಾಂ ದಾಟಲಿಲ್ಲ. ಸಾಸಿವೆ ಪುಡಿಯೂ ಸುಮಾರು ಅಷ್ಟೇ. ಇಪ್ಪತ್ತಕ್ಕೆ ಒಂದೂವರೆ ಕಿಲೋ ಚಿಲ್ಲರೆ ಸಾಕಿತ್ತು, ನಾನು ಕಟ್ಟಿದ್ದು ನಾಲ್ಕು ನಾಲ್ಕು. ಮೂವತ್ತು ವರ್ಷ ತೂಗಿದವನಿಗೆ ಹಗುರಾದದ್ದು ಹೆಚ್ಚು ಜಾಗ ಹಿಡಿಯುತ್ತದೆಂದು ಹೊಳೆದಿರಲಿಲ್ಲ. ಹೇಳಿಬಿಡೋಣ ಅನ್ನಿಸಿತು. ತೂಕ ತಪ್ಪುವ ಅಂಗಡಿ ಅಂತ ಹೆಸರಾದರೆ? ಸುಮ್ಮನಾದೆ.

ಮುಂದಿನ ಬೇಸಿಗೆಗೆ ಮೂವತ್ತು ಮನೆ ನಾಲ್ಕಾಯಿತು. ಅದರ ಮುಂದಿನ ವರ್ಷ ಜಾನಕಮ್ಮ ಮಾವಿನಕಾಯಿಯನ್ನೇ ಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಬಂದು, ಕಂಪನಿ ಉಪ್ಪಿನಕಾಯಿ ಬಾಟಲಿ ತೋರಿಸಿ ಬೆಲೆ ಕೇಳಿದರು. ಚೌಕಾಸಿ ಮಾಡಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಜಾನಕಮ್ಮೋರೆ, ಆ ಮದುವೆ ಲೆಕ್ಕ... ತಪ್ಪು ನಂದು."

"ಗೊತ್ತು. ಕಲಸುವಾಗಲೇ ಕೈ ಹೇಳಿತು."

"ಮತ್ತೆ ಯಾಕೆ...?"

"ನೀನು ಕಾಗದದಲ್ಲಿ ಬರೆದು ಕೊಟ್ಟಿದ್ದೆ. ನಾನು ಅಂಜಾಂ ಕ್ಲಾಸು, ಐದನೇ ಕ್ಲಾಸು. ಎಲ್ಲರ ಎದುರು ನಗಿಸಿದ್ದೆ ಬೇರೆ. ನನ್ನ ಕೈಯನ್ನು ನಾನೇ ನಂಬಲಿಲ್ಲ. ಆ ಅವಮಾನ ನಂದು ಬಿಡು."

ಅವರೆದುರಿಗೇ ಸುಮೇಧಾಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಎರಡು ವರ್ಷ ಬೇಕಾಯ್ತಾ ಅಂದಾನಿಯವರೇ? ಮಾಮಿ ಇದ್ದಾರಾ, ಕೊಡಿ," ಅಂದರು. ರಿಸೀವರ್ ಚಾಚಿದೆ. ಜಾನಕಮ್ಮ ಬೇಡವೆಂದು ಕೈಯಾಡಿಸಿದರು.

"ಬಾಟಲಿ ಬೇಡ, ಈ ವರ್ಷ ನೀವೇ ಹಾಕಿ, ಪುಡಿ ನಾನು ಕೊಡ್ತೀನಿ," ಅಂದೆ.

"ಇವತ್ತಿನ ಮೊಸರನ್ನಕ್ಕೆ ಏನು ಮಾಡಲಪ್ಪಾ?" ಅಂದು ಹಣವಿಟ್ಟು, ಬಾಟಲಿ ಚೀಲಕ್ಕೆ ಹಾಕಿಕೊಂಡು ಬಿಸಿಲಿಗಿಳಿದರು.