ದೇವರ ಕೋಣೆಯ ಜುಮ್

1974ರ ಫೆಬ್ರುವರಿ. ಮೈಸೂರು ರಾಜ್ಯ ಕರ್ನಾಟಕ ಎಂದು ಹೆಸರು ಬದಲಿಸಿಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ನಾನಾಗ ವಾಡಿಯಲ್ಲಿ ಮನೆ ಮಾಡಿಕೊಂಡು, ಲೈಸೆನ್ಸ್ ಪಡೆದ ವೈರಿಂಗ್ ಗುತ್ತಿಗೆದಾರನಾಗಿ ದುಡಿಯುತ್ತಿದ್ದೆ. ಶಹಾಬಾದ, ಚಿತ್ತಾಪುರ, ಸೇಡಂ, ಹೀಗೆ ಪ್ಯಾಸೆಂಜರ್ ರೈಲು ನಿಂತ ಊರೆಲ್ಲ ನನ್ನ ಕೆಲಸದ ಜಾಗ. ವಯಸ್ಸು ಮೂವತ್ತೆಂಟು. ಹಳೆಯ ಮನೆಯೊಂದನ್ನು ಒಮ್ಮೆ ಸುತ್ತು ಹಾಕಿ ಬಂದರೆ ಅದರ ರೋಗವೇನೆಂದು ಹೇಳಬಲ್ಲೆ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕನ್ನು ಇಳಿಸಿದ ಮನೆಯ ಕಥೆ ಇದು.

ಮನೆ ಚಿತ್ತಾಪುರದಲ್ಲಿತ್ತು. ಯಜಮಾನರು ಸಿದ್ರಾಮಪ್ಪ ಮಾಸ್ತರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮೊಳದಷ್ಟು ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆಲ್ಲ ನಮ್ಮ ಕಡೆಯ ಪರಸಿ ಕಲ್ಲು, ಅಂದರೆ ಶಹಾಬಾದಿ ಚಪ್ಪಡಿ. ಮಗನ ಮದುವೆಗೆ ಮೊದಲು ಮನೆಯನ್ನು ರಿಪೇರಿ ಮಾಡಿಸಬೇಕೆಂದು ಮಾಸ್ತರು ಹೊರಟಿದ್ದರು. ಗಾರೆ ಕೆಲಸ ಬೇರೆಯವರದು. ವೈರಿಂಗ್, ಬಾವಿಯ ಮೋಟಾರು, ನೀರಿನ ಪೈಪು, ಈ ಮೂರು ನನ್ನ ಪಾಲಿಗೆ ಬಂದವು.

ಮೊದಲ ದಿನ ಎಲ್ಲವನ್ನೂ ತಪಾಸಣೆ ಮಾಡಿದೆ. ಊರಿಗೆ ಕರೆಂಟು ಬಂದ ಹೊಸದರಲ್ಲಿ ಹಾಕಿಸಿದ ವೈರಿಂಗ್ ಅದು. ಮರದ ಪಟ್ಟಿಯಲ್ಲಿ ಉದ್ದಕ್ಕೆ ತೋಡು ಕೊರೆದು, ಅದರಲ್ಲಿ ತಂತಿ ಮಲಗಿಸಿ, ಮೇಲೆ ಇನ್ನೊಂದು ಪಟ್ಟಿ ಮುಚ್ಚುವ ಪದ್ಧತಿ. ಇದಕ್ಕೆ ಕೇಸಿಂಗ್-ಕ್ಯಾಪಿಂಗ್ ಎನ್ನುತ್ತಾರೆ. ತಂತಿಯ ಮೇಲಿನ ರಬ್ಬರು ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. ಹಿತ್ತಲಿನ ಬಾವಿಗೆ ಒಂದು ಹಾರ್ಸ್‌ಪವರ್ ಮೋಟಾರು. ಅದರಿಂದ ಕಬ್ಬಿಣದ ಪೈಪು ಗೋಡೆಯ ಮೇಲೇ ಹರಿದು ಬಚ್ಚಲಿಗೂ ಮಾಳಿಗೆಯ ತೊಟ್ಟಿಗೂ ಹೋಗಿತ್ತು. ಎರಡು ವರ್ಷದ ಹಿಂದೆ ಅದರಿಂದಲೇ ಒಂದು ಕವಲು ತೆಗೆದು ದೇವರ ಕೋಣೆಯೊಳಗೊಂದು ನಳ ಹಾಕಿಸಿದ್ದರು. ಮಾಸ್ತರ ತಾಯಿ ಗುರಬಸಮ್ಮನವರಿಗೆ ಮೊಣಕಾಲು ನೋವು. ನಸುಕಿನಲ್ಲಿ ಪೂಜೆಯ ನೀರಿಗೆ ಬಾವಿಗೆ ಹೋಗುವುದು ತಪ್ಪಲಿ ಎಂದು.

ಆ ಕೋಣೆಗೆ ನಾನು ಕಾಲಿಡುವ ಮೊದಲೇ ಗುರಬಸಮ್ಮನವರು ಬಾಗಿಲಲ್ಲಿ ನಿಂತಿದ್ದರು. ಅರವತ್ತೆಂಟರ ವಯಸ್ಸು, ತೆಳ್ಳನೆಯ ಮೈ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ.

"ಖಾಜಾಸಾಬ್ರ, ಮನಿ ತುಂಬ ಏನರೆ ಮಾಡ್ರಿ. ಈ ಕೋಣಿ ಒಂದು ಮುಟ್ಟಬ್ಯಾಡ್ರಿ," ಎಂದರು. "ಮುಂಜಾನೆ ಇಲ್ಲಿ ಕುಂತು ಲಿಂಗ ಕೈಯಾಗ ಹಿಡ್ದರ ಮೈ ಜುಮ್ ಅಂತದ್ರಿ. ಎರಡು ವರ್ಷ ಆತು. ಅವರು ಹೋದ ಮ್ಯಾಲ ನಾ ಭಾಳ ಅತ್ತು ಬೇಡ್ಕೊಂಡಿದ್ದೆ, ಶಿವ ಇದ್ದಾನ ಅಂತ ಒಂದು ಗುರುತು ತೋರ್ಸಪ್ಪ ಅಂತ. ತೋರ್ಸ್ಯಾನ."

ಅವರು ಎಂದದ್ದು ತೀರಿಹೋದ ಗಂಡನ ಬಗ್ಗೆ. ನನಗೂ ಕಣ್ಣು ಒದ್ದೆಯಾಯಿತು. ನಮ್ಮ ಮನೆಯಲ್ಲಿ ನನ್ನ ತಾಯಿ ನಮಾಜಿನ ಚಾಪೆಯ ಮೇಲೆ ಕುಳಿತು ಹೀಗೇ ಬೇಡುತ್ತಿದ್ದದ್ದು ನೆನಪಾಯಿತು. ಎರಡೂ ಕೈ ಎತ್ತಿ ಮುಗಿದು, "ನಿಮ್ಮ ಪುಣ್ಯ ಭಾಳ ದೊಡ್ಡದದ, ಅವ್ವಾರ" ಎಂದೆ. ಆಮೇಲೆ ಅವರನ್ನು ಕೇಳಿ, ನೆಪಕ್ಕೆ ಆ ಕೋಣೆಯ ನಳಕ್ಕೆ ಟೆಸ್ಟರ್ ಮುಟ್ಟಿಸಿದೆ. ಕರೆಂಟಿದ್ದರೆ ಹತ್ತುವ ಅದರೊಳಗಿನ ಪುಟ್ಟ ದೀಪ ಹತ್ತಲಿಲ್ಲ. ಆಗ ಮಧ್ಯಾಹ್ನ ಹನ್ನೆರಡು ಗಂಟೆ, ಮೋಟಾರು ನಿಂತಿತ್ತು. ಕೋಣೆಯನ್ನು ಕೊನೆಗೆ ನೋಡೋಣವೆಂದು ಬಿಟ್ಟೆ.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕಸಬಿನಲ್ಲಿಯೂ ಜುಮ್ ಎಂಬ ಮಾತುಂಟು. ಕರೆಂಟು ಜೋರಾಗಿ ಹೊಡೆದರೆ ಝಟಕಾ, ಸಣ್ಣಗೆ ತಾಗಿದರೆ ಜುಮ್. ದಿನಕ್ಕೆ ಹತ್ತು ಸಲ ನಾನೇ ಆಡುವ ಮಾತು. ಆದರೆ ಅಂದು ಅದನ್ನು ಆಡಿದವರು ವಿಭೂತಿ ಹಚ್ಚಿದ ಮುದುಕಿ, ಆಡಿದ ಜಾಗ ದೇವರ ಕೋಣೆ. ಹಾಗಾಗಿ ಇಪ್ಪತ್ತು ವರ್ಷದ ನನ್ನ ಕಸಬಿನ ಕಿವಿ ಮುಚ್ಚಿಕೊಂಡುಬಿಟ್ಟಿತು.

ಎಂಟು ದಿನ ಕೆಲಸ ಸಾಗಿತು. ಹಳೆಯ ಮರದ ಪಟ್ಟಿಗಳನ್ನು ಕಿತ್ತು ಹೊಸ ತಂತಿ ಎಳೆದೆ. ಒಂಬತ್ತನೆಯ ದಿನ ಬೆಳಗಿನ ಮೊದಲ ರೈಲಿಗೇ ಚಿತ್ತಾಪುರಕ್ಕೆ ಬಂದೆ. ಹಗಲು ಕರೆಂಟು ತೆಗೆಯುತ್ತಾರೆ ಎಂದು ಸುದ್ದಿ ಇತ್ತು. ಬೇಗ ಕೆಲಸ ಹಚ್ಚಬೇಕಿತ್ತು. ಹಿತ್ತಲಿನಲ್ಲಿ ದಿನಾ ಬೆಳಗಿನ ಹಾಗೆ ಮೋಟಾರು ಓಡುತ್ತಿತ್ತು, ತೊಟ್ಟಿ ತುಂಬುತ್ತಿತ್ತು. ಚಪ್ಪಲಿ ಬಿಟ್ಟು, ಒದ್ದೆ ಪರಸಿಯ ಮೇಲೆ ನಿಂತು, ಮುಖ ತೊಳೆಯಲು ಬಚ್ಚಲ ಹೊರಗಿನ ನಳಕ್ಕೆ ಕೈ ಹಾಕಿದೆ.

ಭುಜದವರೆಗೆ ಹೊಡೆಯಿತು. ಹಿಂದಕ್ಕೆ ಬಿದ್ದೆ. ಬಿದ್ದಲ್ಲಿಯೇ ಆ ತಾಯಿಯ ಮಾತು ಕಿವಿಯಲ್ಲಿ ಬಂತು: ಮುಂಜಾನೆ, ಎರಡು ವರ್ಷದಿಂದ, ಜುಮ್. ಎದ್ದವನೇ ಓಡಿಹೋಗಿ ಮೋಟಾರಿನ ಸ್ವಿಚ್ಚು ಎಳೆದೆ. ಕೋಣೆಯ ಬಾಗಿಲಿಂದ ಇಣುಕಿದರೆ ಗುರಬಸಮ್ಮನವರು ಮಡಿಚಿದ ಕಂಬಳಿಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಎಡ ಅಂಗೈಯಲ್ಲಿ ಲಿಂಗ, ಬಲಗೈ ನಳದ ಮೇಲೆ.

ಅವರು ಪೂಜೆ ಮುಗಿಸಿ ಎದ್ದ ಮೇಲೆ ಮಾಸ್ತರನ್ನು ಜೊತೆಗಿಟ್ಟುಕೊಂಡು, ಅರೆಕ್ಷಣ ಮೋಟಾರು ಹಚ್ಚಿ ಮೀಟರಿನಿಂದ ಅಳೆದೆ. ನಳಕ್ಕೂ ಒದ್ದೆ ನೆಲಕ್ಕೂ ನಡುವೆ 70 ವೋಲ್ಟ್. ಮೋಟಾರಿನೊಳಗಿನ ಸುರುಳಿಗೆ ತೇವ ತಗುಲಿ ಕರೆಂಟು ಅದರ ಮೈಗೆ ಸೋರುತ್ತಿತ್ತು, ಮೈಯಿಂದ ಪೈಪಿಗೆ, ಪೈಪಿನಿಂದ ದೇವರ ಕೋಣೆಗೆ. ಇಂಥ ಸೋರಿಕೆಯನ್ನು ಯಾರಿಗೂ ತಾಗದಂತೆ ಭೂಮಿಗೆ ಇಳಿಸಲೆಂದೇ ಅರ್ಥಿಂಗ್ ಎಂಬುದು ಇರುತ್ತದೆ: ಮೋಟಾರಿನ ಮೈಯಿಂದ ಒಂದು ತಂತಿ ಎಳೆದು, ನೆಲದಾಳದ ಹಸಿ ಮಣ್ಣಿನಲ್ಲಿ ಹೂತ ಪೈಪಿಗೆ ಕಟ್ಟುವುದು. ತಂತಿಯೇನೋ ಇತ್ತು. ಅದರ ಬುಡ ಅಗೆಸಿದರೆ ಎರಡೇ ಅಡಿಗೆ ಹಾಸುಬಂಡೆ. ಹಿಂದೆ ಯಾರೋ ಪೈಪು ಇಳಿಯದಿದ್ದಾಗ ಅದನ್ನು ಕೊಯ್ದು, ಒಣ ಕಲ್ಲಿನ ಮೇಲೆ ನಿಲ್ಲಿಸಿ ಮಣ್ಣು ಮುಚ್ಚಿ ಹೋಗಿದ್ದರು. ಬಾವಿಗೆ ಇಳಿಬಿಟ್ಟದ್ದು ರಬ್ಬರ್ ಪೈಪು, ಅದರಿಂದಲೂ ಕರೆಂಟಿಗೆ ದಾರಿ ಇರಲಿಲ್ಲ.

ಗಣಿತದ ಮಾಸ್ತರಿಗೆ ವಿಷಯ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಮುಖ ಬಿಳಿಚಿಕೊಂಡಿತು. ಆದರೆ ಅವರ ಮೊದಲ ಮಾತು ಇದು: "ಅವ್ವಗ ಹೇಳಬ್ಯಾಡ್ರಿ. ಆ ಜುಮ್ ಮ್ಯಾಲ ಆಕಿ ಜೀವ ಹಿಡ್ಕೊಂಡಾಳ. ಸುಮ್ಮನ ರಿಪೇರಿ ಮಾಡಿಬಿಡ್ರಿ."

ನನಗೂ ಅದೇ ಬೇಕಾಗಿತ್ತು. ಒಬ್ಬ ಮುಸಲ್ಮಾನ ಮಿಸ್ತ್ರಿ ಹೋಗಿ, ನಿಮ್ಮ ಶಿವ ತೋರಿದ ಗುರುತು ಮೋಟಾರಿನ ಸೋರಿಕೆ ಎಂದು ಆ ಮುಖಕ್ಕೆ ಹೇಳುವುದು ಹೇಗೆ? ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದೆ. ಮೋಟಾರು ಬದಲಿಸಿದೆ. ಬಾವಿಯ ಪಕ್ಕ ಕಪ್ಪು ಮಣ್ಣು ಆಳವಿದ್ದ ಜಾಗ ಹುಡುಕಿ, ಎಂಟು ಅಡಿ ಗುಂಡಿ ತೋಡಿಸಿ, ತಾಮ್ರದ ತಗಡು ಹೂತು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿಸಿದೆ. ಮೇಲೊಂದು ಪರಸಿ ಮುಚ್ಚಿ, ನೀರು ಹಾಕಲು ತೂತು ಬಿಟ್ಟೆ. ಅಳೆದಾಗ ಅರ್ಥಿಂಗ್ 6 ಓಮ್ ತೋರಿಸಿತು. ಮೊದಲಿನದು ಇನ್ನೂರಕ್ಕೂ ಮೇಲಿತ್ತು. ಈ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಬೆನ್ನು ತಟ್ಟಿಕೊಂಡು ವಾಡಿಗೆ ಮರಳಿದೆ.

ನಾಲ್ಕನೆಯ ದಿನ ಮಾಸ್ತರು ರೈಲು ಹತ್ತಿ ನಮ್ಮ ಮನೆಗೇ ಬಂದರು. ಗಡ್ಡ ಬೆಳೆದಿತ್ತು. ಚಹಾ ಕೊಟ್ಟರೆ ಕುಡಿಯಲಿಲ್ಲ.

"ಅವ್ವ ಉಣವಲ್ಲಳ್ರಿ. ಮೂರು ದಿನ ಆತು, ಒಂದು ಲೋಟ ಹಾಲಿನ ಮ್ಯಾಲ ಅದಾಳ. ನನ್ನಿಂದ ಏನೋ ಪಾಪ ಆಗ್ಯದ, ಶಿವ ಕೈ ಬಿಟ್ಟಾನ ಅಂತ ಅಳ್ಲಿಕತ್ತಾಳ." ಆಮೇಲೆ ನೆಲ ನೋಡುತ್ತ ಕೇಳಿದರು: "ಸಾಬ್ರ, ಸ್ವಲ್ಪೇ ಸ್ವಲ್ಪ, ಜುಮ್ ಅನ್ನೋವಷ್ಟು ಬಿಡ್ಲಿಕ್ಕಿ ಬರ್ತದೇನ್ರಿ?"

ಸಿಟ್ಟು ನೆತ್ತಿಗೇರಿತು. ಲೆಕ್ಕ ಕಲಿಸುವ ಮನುಷ್ಯ ಹೆತ್ತ ತಾಯಿಗೆ ಎಷ್ಟು ಕರೆಂಟು ಬಿಡಬಹುದು ಎಂದು ಕೇಳುತ್ತಿದ್ದಾರೆ. ಬಯ್ಯಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಆ ತಾಯಿ ಮೊದಲ ದಿನವೇ ನನಗೆ ಎಲ್ಲವನ್ನೂ ಹೇಳಿದ್ದರು. ಕೇಳಿಸಿಕೊಳ್ಳದವನು ನಾನು. ಆಮೇಲೆ ಅವರ ಕೋಣೆಯೊಳಗಿಂದ ಆ ಜುಮ್ಮನ್ನು ಹೇಳದೆ ಕೇಳದೆ ತೆಗೆದುಕೊಂಡು ಬಂದವನೂ ನಾನು. ಮಾಸ್ತರ ಜೊತೆ ಅದೇ ಗಾಡಿಗೆ ಹೊರಟೆ.

ಗುರಬಸಮ್ಮನವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಮೂರೇ ದಿನದಲ್ಲಿ ಇನ್ನಷ್ಟು ಇಳಿದುಹೋಗಿದ್ದರು. ಆದರೂ, "ಬರ್ರಿ, ಕುಂದ್ರಿ" ಎಂದರು. ನಾನು ಎದುರಿಗೆ ನೆಲದ ಮೇಲೆ ಕುಳಿತು, ಮೋಟಾರಿನಿಂದ ಹಿಡಿದು ನಾನು ಬಿದ್ದದ್ದರವರೆಗೆ ಎಲ್ಲವನ್ನೂ ಹೇಳಿದೆ. ಎಪ್ಪತ್ತು ವೋಲ್ಟು ಎಂದರೆ ಏನು, ಕಂಬಳಿ ಇಲ್ಲದೆ ಒದ್ದೆ ನೆಲದಲ್ಲಿ ಕುಳಿತಿದ್ದರೆ ಏನಾಗುತ್ತಿತ್ತು ಎಂದೂ ಹೇಳಿದೆ. ಮಾಸ್ತರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಗುರಬಸಮ್ಮನವರು ಎದೆಯ ಮೇಲಿನ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡರು. ಆಮೇಲೆ ಕೇಳಿದರು: "ಮೊದಲನೇ ದಿನಾನೇ ನಿಮಗ ಹೇಳಿದ್ನಲ್ರಿ, ಜುಮ್ ಅಂತದಂತ?"

"ಹೇಳಿದ್ರಿ, ಅವ್ವಾರ. ನಾ ಭಕ್ತಿ ಅಂತ ತಿಳ್ಕೊಂಡೆ."

"ನೀವು ಕರೆಂಟಿನ ಮನುಷ್ಯ. ನೀವೇ ಅದನ್ನ ದೇವರಂತ ಕೈ ಮುಗದ್ರಿ. ಹಂಗಾರ ದೇವರ ಮುಂದ ಕುಂತ ನಾ ಮುದುಕಿ ದೇವರಂದ್ರ ತಪ್ಪೇನದ?"

ಹೇಳುತ್ತ ಹೇಳುತ್ತ ಅವರ ತುಟಿ ಅರಳಿತು. ಸೆರಗು ಬಾಯಿಗೆ ಹಿಡಿದು ನಕ್ಕರು. ನಗುತ್ತಲೇ ಕಣ್ಣೀರು ಬಂತು, ಅದನ್ನು ಒರೆಸಿಕೊಳ್ಳಲಿಲ್ಲ. "ಕಂಬಳಿ ಹಾಸ್ಕೊಂಡೇ ಕುಂದ್ರಬೇಕು ಅಂತ ಕಲಿಸಿದಾಕಿ ನಮ್ಮ ಅತ್ತಿ. ಇದ್ದಾಗ ಆಕಿನ್ನ ಭಾಳ ಬೈದೀನ್ರಿ. ಇವತ್ತು ನೋಡ್ರಿ, ಆಕಿನೇ ಉಳಿಸ್ಯಾಳ." ನಂತರ ನನ್ನ ಕಡೆ ನೋಡಿ, "ನೀವೂ ಉಳಿಸೀರಿ. ಆದ್ರ ಹೇಳದೇ ಉಳಿಸಿದ್ರಿ. ಮೂರು ದಿನ ನಾ ಶಿವನ್ನ ಕಳ್ಕೊಂಡು ಕುಂತಿದ್ನಲ್ರಿ," ಎಂದರು. ಆ ಮಾತು ಬಚ್ಚಲ ನಳಕ್ಕಿಂತ ಜೋರಾಗಿ ನನಗೆ ತಾಗಿತು.

ಅವರು ಎದ್ದರು. "ಆ ಕರೆಂಟ್ ಈಗ ಎಲ್ಲಿ ಹೋಗ್ತದ, ತೋರಿಸ್ರಿ."

ಹಿತ್ತಲಿಗೆ ಕರೆದುಕೊಂಡು ಹೋಗಿ ಗುಂಡಿ ತೋರಿಸಿದೆ. ನಮ್ಮ ಸೀಮೆಯ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಕೆಳಗಿನ ಕಲ್ಲು ತೇವ ಹಿಡಿಯುವುದಿಲ್ಲ, ಒಣಗಿದ ಗುಂಡಿ ಇದ್ದೂ ಇಲ್ಲದ ಹಾಗೆ ಎಂದು ವಿವರಿಸಿದೆ. ದಿನಾ ನೀರು ಹಾಕಬೇಕೆಂದು ಮಾಸ್ತರಿಗೆ ಹೇಳಿ ಹೋಗಿದ್ದೆ. ತೂತಿನ ಸುತ್ತ ಮಣ್ಣು ಒಣಗಿ ಬಿಳಿಯಾಗಿತ್ತು. ಮಾಸ್ತರು ತಲೆ ತುರಿಸಿಕೊಂಡರು.

"ಎಷ್ಟು ನೀರು ಹಾಕ್ಬೇಕು?" ಗುರಬಸಮ್ಮನವರು ಕೇಳಿದರು.

"ದಿನಾ ಒಂದು ಕೊಡ. ಬ್ಯಾಸಗ್ಯಾಗ ಎರಡು."

"ಎಷ್ಟು ದಿನ?"

"ಮನಿ ಇರೋತನಕ, ಅವ್ವಾರ."

ಅವರು ಮಗನನ್ನು ನೋಡಿದರು, ಗುಂಡಿಯನ್ನು ನೋಡಿದರು. "ಈ ಮನ್ಯಾಗ ದಿನಾ ತಪ್ಪದೇ ಏಳಾಕಿ ನಾನೊಬ್ಬಾಕಿನೇ. ನಾ ಹಾಕ್ತೀನಿ," ಎಂದರು. ಬಾವಿಯಿಂದ ಮಗನ ಕೈಲಿ ಕೊಡ ತುಂಬಿಸಿ, ಮೊಣಕಾಲು ಹಿಡಿದುಕೊಂಡೇ ಬಗ್ಗಿ, ತಾವೇ ನೀರು ಸುರಿದರು. ಅಂದು ಮಧ್ಯಾಹ್ನ ಜೋಳದ ರೊಟ್ಟಿ ಉಂಡರು. ನನಗೂ ಪಕ್ಕದಲ್ಲೇ ತಾಟು ಹಾಕಿಸಿದರು. ಹೋಗುವಾಗ, "ನಿಮ್ಮ ತಾಯಿಗೆ ನನ್ನ ಶರಣು ಹೇಳ್ರಿ" ಎಂದರು. ನನ್ನ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಹೇಳುತ್ತೇನೆ ಎಂದು ತಲೆಯಾಡಿಸಿದೆ.

ಅದೇ ವರ್ಷ ಅವರು ತಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಈ ಕಥೆ ಹೇಳಿ, ತಮ್ಮನ್ನು ತಾವೇ ಗೇಲಿ ಮಾಡಿಕೊಂಡು, ನಿಮ್ಮ ನಳ ಜುಮ್ ಅಂದರೆ ವಾಡಿಯ ಖಾಜಾಸಾಬರಿಗೆ ಹೇಳಿ ಕಳಿಸಿರಿ ಎಂದರಂತೆ. ಹಾಗೆ ಇನ್ನೆರಡು ಮನೆಗಳ ಸೋರಿಕೆ ನನಗೆ ಸಿಕ್ಕಿತು. ಗಂಡಸರಿಗೆ ಅದರ ಸುಳಿವೂ ಇರಲಿಲ್ಲ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ದಿನವಿಡೀ ನಿಲ್ಲುವವರು ಯಾರು? ಇಪ್ಪತ್ತು ವರ್ಷ ನಾನು ಯಜಮಾನರನ್ನು ಕೇಳಿ ಕೆಲಸ ಮಾಡಿದ್ದೆ. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾರ, ಎಲ್ಲಿ ಮುಟ್ಟಿದ್ರ ಜುಮ್ ಅಂತದ?" ಎಂದು ಕೇಳತೊಡಗಿದೆ. ಕೆಲಸ ಮುಗಿದ ಮೇಲೆ ಏನು ಮಾಡಿದೆನೆಂದು ಹೇಳಿ ಬರುವುದೂ ಅವರಿಗೇ.

1983ರಲ್ಲಿ ಆ ಮನೆಯಿಂದ ಮತ್ತೆ ಕರೆ ಬಂತು. ಮಾಳಿಗೆಯ ಮೇಲೆ ಹೊಸದೊಂದು ಕೋಣೆ ಕಟ್ಟಿಸಿದ್ದರು. ಗುರಬಸಮ್ಮನವರು ಹಿಂದಿನ ವರ್ಷ ಲಿಂಗೈಕ್ಯರಾಗಿದ್ದರು. ಬೆಳಗಿನ ಗಾಡಿಗೆ ಹೋದಾಗ ಹಿತ್ತಲಿನಲ್ಲಿ ಅವರ ಕಿರಿಯ ಮೊಮ್ಮಗನ ಹೆಂಡತಿ, ಎರಡು ವರ್ಷದ ಹಿಂದಷ್ಟೇ ಮದುವೆಯಾಗಿ ಬಂದ ನೀಲಮ್ಮ, ಸುಲೇಪೇಟದ ಕಡೆಯ ಹೆಣ್ಣುಮಗಳು, ಕೊಡ ಹಿಡಿದು ಆ ಪರಸಿಯ ತೂತಿಗೆ ನೀರು ಸುರಿಯುತ್ತಿದ್ದಳು. ಕಲ್ಲಿನ ಮೇಲೆ ಮೂರು ಬೆರಳಿನ ವಿಭೂತಿಯ ಗೆರೆ ಇತ್ತು. ಯಾಕಮ್ಮ ಈ ನೀರು ಎಂದು ಕೇಳಿದೆ.

"ಯಾಕಂತ ನನಗೂ ಪೂರಾ ಗೊತ್ತಿಲ್ರಿ, ಕಾಕಾ. ಅಮ್ಮಾರು ಹೋಗೋ ಮುಂದ ಕೈ ಹಿಡ್ದು ಹೇಳಿ ಹೋಗ್ಯಾರ: ಪೂಜಿ ಒಂದಿನ ತಪ್ಪಿದ್ರೂ ನಡೀತದ, ಈ ನೀರು ತಪ್ಪಬಾರದು ಅಂತ."

ಮೀಟರು ತೆಗೆದು ಅಳೆದೆ. ಒಂಬತ್ತು ಬೇಸಿಗೆ ಕಳೆದಿದ್ದವು. ಅರ್ಥಿಂಗ್ ಇನ್ನೂ 6 ಓಮ್ ಇತ್ತು. ಕಲ್ಲಿನ ನೆಲದಲ್ಲಿ ಹಾಗಿರುವ ಇನ್ನೊಂದು ಗುಂಡಿಯನ್ನು ನನ್ನ ಕಸಬಿನಲ್ಲಿ ನಾನು ಕಂಡಿಲ್ಲ. ಆಮೇಲೆ ನೀಲಮ್ಮನನ್ನು ಬಾವಿಯ ಕಟ್ಟೆಯ ಮೇಲೆ ಕೂರಿಸಿ, ಆ ನೀರು ಯಾಕೆ ಎಂಬುದನ್ನು ಜುಮ್‌ನಿಂದ ಶುರುಮಾಡಿ ಒಂದೂ ಬಿಡದೆ ಹೇಳಿದೆ. ಹೇಳದೆ ಹೋಗಬಾರದು ಎಂದು ಕಲಿಸಿದ ಮನೆಯಲ್ಲವೇ ಅದು. ಆ ತಾಯಿಗೆ ನಾನು ಸಲ್ಲಿಸಬಹುದಾದ ಕೃತಜ್ಞತೆ ಅಷ್ಟೇ ಇತ್ತು.

ಈಗ ಲೈಸೆನ್ಸ್ ಒಪ್ಪಿಸಿ ಮನೆಯಲ್ಲಿದ್ದೇನೆ. ಯಾರಾದರೂ ದರ್ಗಾದಲ್ಲಿಯೋ ಗುಡಿಯಲ್ಲಿಯೋ ಮೈ ಜುಮ್ ಎಂದಿತು ಎಂದು ಹೇಳಿದರೆ ಇಂದಿಗೂ ನನ್ನ ಕೈ ತಾನಾಗಿ ಮುಗಿಯುತ್ತದೆ. ಮುಗಿಯುತ್ತಲೇ, ಎಲ್ಲಿ ಕುಳಿತಿದ್ದಿರಿ, ಏನು ಮುಟ್ಟಿದಿರಿ ಎಂದೂ ಕೇಳಿಬಿಡುತ್ತೇನೆ.