ಅಣ್ಣನ ಕಾಯಿಲೆ, ನನ್ನ ಸಹಿ

ಮೊನ್ನೆ ಪರಿಚಯದವರೊಬ್ಬರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ದಾರಿ ತಪ್ಪಿ ಯಾವುದೋ ಬಾಗಿಲ ಮುಂದೆ ನಿಂತವನ ಮೂಗಿಗೆ, ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆ ಬಡಿಯಿತು. ರೋಗಿಗೆಂದು ಒಯ್ದಿದ್ದ ಕಿತ್ತಳೆ ಹಣ್ಣನ್ನು ಹಾಗೇ ಹಿಡಿದುಕೊಂಡು ಮನೆಗೆ ವಾಪಸು ಬಂದೆ. ಮುದುಕ ವಾಸನೆಗೆ ಹೆದರಿ ಓಡಿಬಂದ ಎಂದು ನೀವು ನಗಬಹುದು. ನಗಿ. ಆದರೆ ಎರಡು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಐವತ್ತರ ದಶಕದ ಮಾತು. ನಾನು ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅಣ್ಣನಿಗೆ ತೀರ್ಥಹಳ್ಳಿಯಲ್ಲಿ ಬಟ್ಟೆ ಅಂಗಡಿ. ನಮ್ಮ ಜೈನರ ಕೇರಿಯಲ್ಲಿ ಅವನಷ್ಟು ನೇರವಾಗಿ ಬಟ್ಟೆ ಹರಿಯುವವರು ಇರಲಿಲ್ಲ. ನಾನು ಹರಿದರೆ ಪಂಚೆಯೂ ಮೂರು ಮೂಲೆಯ ಬಾವುಟವಾಗುತ್ತಿತ್ತು. ಒಂದು ದಿನ ಗಜಕೋಲು ಹಿಡಿದ ಅವನ ಕೈ ತಾನಾಗಿಯೇ ಎಗರಿತು. ತಿಂಗಳೊಳಗೆ ನಡಿಗೆ ತೂರಾಡತೊಡಗಿತು. ಮೊದಲು ಗಿರಾಕಿಗಳ ಹೆಸರು ಮರೆತ, ಆಮೇಲೆ ಮಗಳ ಹೆಸರು. ಹೆಂಡ ಮುಟ್ಟದವನನ್ನು ಊರು ಕುಡುಕ ಎಂದಿತು. ಅಮ್ಮ ಆಡಿದ್ದು ಅದಕ್ಕಿಂತ ಕೆಟ್ಟ ಮಾತು.

“ಇವಳೇ ಊಟದಲ್ಲಿ ಎಂತದೋ ಮದ್ದು ಹಾಕಿದಾಳೆ. ಗಂಡ ಕೈಯೊಳಗೆ ಇರ್ಲಿ ಅಂತ.”

ಬಡಿಸುತ್ತಿದ್ದ ಅತ್ತಿಗೆಗೆ ಅದು ಕೇಳಿಸಿತು. “ಸುಮ್ನಿರಮ್ಮ” ಎಂದು ನಾನು ಗದರಿದೆ. ಗದರಿದವನೇ, ಅತ್ತಿಗೆ ಕೊಟ್ಟ ಮಜ್ಜಿಗೆಯನ್ನು ಯಾರೂ ಕಾಣದಂತೆ ಹಿತ್ತಲಿಗೆ ಚೆಲ್ಲಿದೆ. ಮೆಟ್ರಿಕ್ ಪಾಸಾದವನು ನಾನು.

ಸಾಗರದ ಆಸ್ಪತ್ರೆಗೆ ಸೇರಿಸಿದೆವು. ಮೂರು ವಾರಕ್ಕೆ ಅಣ್ಣ ತೀರಿಕೊಂಡ. ಡಾಕ್ಟರು ನಮ್ಮನ್ನು ಒಳಗೆ ಕರೆದು ಕೂರಿಸಿದರು.

“ಇದು ಮೆದುಳಿನ ಕಾಯಿಲೆ. ನಾನು ಇಂಥದ್ದು ನೋಡಿಲ್ಲ. ಮೆದುಳನ್ನ ತೆಗೆದು ಬೆಂಗಳೂರಿಗೆ ಕಳಿಸಿದ್ರೆ ಏನಾದ್ರೂ ತಿಳೀಬಹುದು, ತಿಳೀದೇನೂ ಇರಬಹುದು. ನೀವು ಬೇಡ ಅಂದ್ರೆ ಬೇಡ.”

“ತಲೆ ಕೊಯ್ದ ಮಗನ್ನ ಹ್ಯಾಂಗೆ ಸುಡ್ಲಿ?” ಎಂದು ಅಮ್ಮ ಅತ್ತಳು.

“ಹೊಲಿದು ಕೊಡ್ತೀವಿ. ರುಮಾಲು ಸುತ್ತಿದ್ರೆ ಏನೂ ಕಾಣಲ್ಲ.”

ಅತ್ತಿಗೆ ಕೇಳಿದ್ದು ಒಂದೇ. “ಇದು ನನ್ನ ಮಗಳಿಗೂ ಬರತ್ತಾ?”

“ಗೊತ್ತಿಲ್ಲಮ್ಮ. ಅದಕ್ಕೇ ಕೇಳ್ತಿದೀನಿ.”

“ಹಾಗಾದ್ರೆ ನೋಡಿ.”

ಅಣ್ಣನ ಕಡೆಯವರ ಒಪ್ಪಿಗೆಯೂ ಇರಲಿ ಎಂದರು ಡಾಕ್ಟರು. ನಾನು ಆಸ್ಪತ್ರೆಯ ಜಗುಲಿಯಲ್ಲಿ ಅತ್ತಿಂದಿತ್ತ ಎಷ್ಟು ಸಲ ತಿರುಗಿದೆನೋ ನೆನಪಿಲ್ಲ. ಕೊನೆಗೆ, ಒಳಗಿನಿಂದ ಬರುತ್ತಿದ್ದ ಅದೇ ಫಾರ್ಮಲಿನ್ ವಾಸನೆಯಲ್ಲಿ ನಿಂತು, ಸಹಿ ಹಾಕಿದೆ. ಅಣ್ಣನ ಮಗಳ ಭವಿಷ್ಯಕ್ಕಾಗಿ ಹಾಕಿದೆನೆಂದು ನೆಂಟರಿಗೆಲ್ಲ ಹೇಳಿಕೊಂಡೆ. ನಿಮ್ಮಲ್ಲಿ ನಿಜ ಹೇಳುತ್ತೇನೆ: ಅತ್ತಿಗೆ ಮದ್ದು ಹಾಕಿದ್ದರೋ ಇಲ್ಲವೋ ಎಂದು ನನಗೆ ತಿಳಿಯಬೇಕಿತ್ತು.

ನಾಲ್ಕು ತಿಂಗಳಾದ ಮೇಲೆ ಡಾಕ್ಟರು ತಾವೇ ಬಸ್ಸು ಹತ್ತಿ ತೀರ್ಥಹಳ್ಳಿಗೆ ಬಂದರು. ಅಮ್ಮನ ಅನುಮಾನ ಆಸ್ಪತ್ರೆಯಲ್ಲೇ ಅವರ ಕಿವಿಗೆ ಬಿದ್ದಿತ್ತು. ಕುರ್ಚಿ ಬೇಡವೆಂದು ಚಾಪೆಯ ಮೇಲೆ ಅಮ್ಮನ ಪಕ್ಕ ಕೂತರು.

“ಅಮ್ಮ, ಯಾರೂ ಏನೂ ಹಾಕಿಲ್ಲ. ಮೆದುಳಲ್ಲಿ ಜರಡಿ ಹಾಗೆ ಸಣ್ಣ ಸಣ್ಣ ತೂತು ಬಿದ್ದಿತ್ತು. ಅನ್ನದಲ್ಲಿ ಹಾಕೋ ಮದ್ದಿಂದ ಹಾಗಾಗಲ್ಲ. ಯಾರು ಎಷ್ಟು ಚೆನ್ನಾಗಿ ನೋಡ್ಕೊಂಡಿದ್ರೂ ವಾಸಿ ಆಗ್ತಿರ್ಲಿಲ್ಲ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಡಾಕ್ಟರನ್ನಲ್ಲ, ಅತ್ತಿಗೆಯನ್ನು ಕೇಳಿದಳು: “ಅವನಿಗೆ ನೋವಾಗ್ತಿತ್ತೇನೇ?”

“ಕೊನೆಗೆ ಏನೂ ಗೊತ್ತಾಗ್ತಿರ್ಲಿಲ್ಲ ಅತ್ತೆ,” ಎಂದರು ಅತ್ತಿಗೆ. ಇಬ್ಬರೂ ಒಟ್ಟಿಗೆ ಅತ್ತದ್ದು ಅವತ್ತೇ ಮೊದಲು.

ಮಗಳ ವಿಷಯದಲ್ಲಿ ಖಚಿತವಾಗಿ ಹೇಳಲು ಡಾಕ್ಟರಿಗೂ ಆಗಲಿಲ್ಲ. “ಹೆದರಿಕೆ ಆದಾಗ ಒಂದು ಕಾರ್ಡು ಹಾಕಿ” ಎಂದು ಹೋದರು. ಹುಡುಗಿ ಎಡವಿದರೂ ಅತ್ತಿಗೆ ಕಾರ್ಡು ಬರೆಯುತ್ತಿದ್ದರು. ಪ್ರತಿ ಕಾರ್ಡಿಗೂ ಉತ್ತರ ಬರುತ್ತಿತ್ತು. ಆ ಮಗಳು ಈಗ ಅಣ್ಣ ಸತ್ತ ವಯಸ್ಸನ್ನು ದಾಟಿ ಗಟ್ಟಿಮುಟ್ಟಾಗಿದ್ದಾಳೆ.

ಮೊನ್ನೆ ಆಸ್ಪತ್ರೆಯಿಂದ ಓಡಿಬಂದ ಮೂರನೆಯ ದಿನ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಅತ್ತಿಗೆ ಮುಂಬಾಗಿಲಲ್ಲಿ ಕೂತು ಅವರೆ ಸುಲಿಯುತ್ತಿದ್ದರು. ಸಹಿ ಯಾಕೆ ಹಾಕಿದೆನೆಂದು ತಡವರಿಸುತ್ತ ಹೇಳಿದೆ.

“ಗೊತ್ತಿತ್ತು. ಅವತ್ತು ನೀವು ನನ್ನ ಮುಖ ನೋಡ್ಲಿಲ್ಲ,” ಎಂದರು. ಕೈ ನಿಲ್ಲಲಿಲ್ಲ. “ಆದ್ರೂ ಹಾಕಿದ್ರಲ್ಲ. ಹಾಕ್ದಿದ್ರೆ ನಾನು ಈ ಮನೇಲಿ ಇರೋಕಾಗ್ತಿತ್ತಾ?”

ನಾನು ನೆಲ ನೋಡುತ್ತ ಕೂತಿದ್ದೆ.

“ಈಗಾದ್ರೂ ನೋಡಿ” ಎಂದರು.

ನೋಡಿದೆ.