ರೇಷ್ಮೆಯಲ್ಲಿ ಸೋಸಿದ ಪೆಟ್ರೋಲು

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮಗೆ ಬೇಡವೆಂದು ಹರಾಜು ಹಾಕಿದ ಸಾಮಾನಿನಲ್ಲಿ ಒಂದು ಮೋಟಾರ್ ಸೈಕಲ್ ನಮ್ಮ ಚಿಕ್ಕಪ್ಪನ ಪಾಲಿಗೆ ಬಂತು. ಅವರಿಗೆ ಅದು ಏಕೆ ಬೇಡವಾಯಿತೆಂಬುದು ನಮಗೆ ಬೇಗನೆ ತಿಳಿಯಿತು. ಸ್ವಲ್ಪ ದೂರ ಓಡುವುದು, ಕೆಮ್ಮುವುದು, ನಿಲ್ಲುವುದು. ದೇವನಹಳ್ಳಿಯ ಬೀದಿಗಳಲ್ಲಿ ಅದು ನಮ್ಮನ್ನು ಹೊತ್ತದ್ದಕ್ಕಿಂತ ನಾವು ಅದನ್ನು ನೂಕಿದ್ದೇ ಹೆಚ್ಚು. ಹೀಗೆ ನೂಕುವಾಗಲೂ ಚಿಕ್ಕಪ್ಪ ಖಾಕಿ ಟೋಪಿಯನ್ನು ತಲೆಯಿಂದ ತೆಗೆಯುತ್ತಿರಲಿಲ್ಲ. ವಾಹನ ನಿಂತಿರಬಹುದು, ಸವಾರನ ಘನತೆ ನಿಲ್ಲಬಾರದು ಎಂಬುದು ಅವರ ಮತ.

ಸೈನ್ಯದಲ್ಲಿ ಲಾರಿ ರಿಪೇರಿ ಮಾಡಿ ಬಂದಿದ್ದ ಅವರು ರೋಗವನ್ನು ಕಂಡುಹಿಡಿದರು. ಬಹಳ ಕಾಲ ಬಿಸಿಲಲ್ಲಿ ಖಾಲಿ ನಿಂತಿದ್ದ ಟ್ಯಾಂಕಿನ ಒಳಗೆಲ್ಲ ತುಕ್ಕು. ಅದರ ಪುಡಿ ಪೆಟ್ರೋಲಿನ ಜೊತೆ ಕೊಳವೆಯಲ್ಲಿ ಇಳಿದು, ಕಾರ್ಬುರೇಟರಿನ ಸೂಜಿಗಣ್ಣಿನಷ್ಟು ಸಣ್ಣ ತೂತಿನಲ್ಲಿ ಕೂತುಬಿಡುತ್ತಿತ್ತು. ಮದ್ದು ಒಂದೇ: ಕೊಳವೆಯ ನಡುವೆ ಒಂದು ಫಿಲ್ಟರ್ ಕೂರಿಸಬೇಕು. ಆದರೆ ಆ ಕಾಲದಲ್ಲಿ ಫಿಲ್ಟರ್ ಬೇಕೆಂದು ಬೆಂಗಳೂರಿನ ಅಂಗಡಿಯಲ್ಲಿ ಕೇಳಿದರೂ, ಅಂಗಡಿಯವರು ಮದುವೆಗೆ ಹೆಣ್ಣು ಕೇಳಲು ಬಂದವರನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿ, ಇಲ್ಲವೆನ್ನುತ್ತಿದ್ದರು.

ಇದೆಲ್ಲ ನಿಧಾನವಾಗಿ ಆಗಬಹುದಾಗಿದ್ದ ಕೆಲಸ. ಆದರೆ ಅಕ್ಕನ ವಿಷಯ ಬಂತು.

ಅಕ್ಕನನ್ನು ಕೊಟ್ಟಿದ್ದು ನಂದಗುಡಿಯ ಹತ್ತಿರದ ಒಂದು ಹಳ್ಳಿಗೆ. ರಾಗಿ ಬೆಳೆಯುವ ಮನೆಯಲ್ಲಿ ಹಟ ಹಿಡಿದು ಒಂದು ತುಂಡು ಹೊಲಕ್ಕೆ ಹಿಪ್ಪುನೇರಳೆ ಹಾಕಿಸಿ, ರೇಷ್ಮೆ ಹುಳು ಸಾಕಲು ಹೊರಟವಳು ಅವಳು. ಮೊದಲ ಸಲದ ಹುಳು ರೋಗ ಬಂದು ಸತ್ತುಹೋಯಿತು. ಈ ಸಲವೂ ಹೀಗೇ ಆದರೆ ಸೊಪ್ಪಿನ ಗಿಡ ಕಿತ್ತು ರಾಗಿ ಬಿತ್ತುವುದಾಗಿ ಅವಳ ಮಾವ ಹೇಳಿಯಾಗಿತ್ತು. ರೋಗವಿಲ್ಲದ ಮೊಟ್ಟೆ ನೋಡಿ ತರಿಸಿಕೊಡು ಎಂದು ಅವಳು ನನಗೆ ಹೇಳಿಕಳಿಸಿದ್ದಳು. ನಾನು ಆಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಇಲ್ಲಿ ಕೈಮುಗಿದು ಒಳ್ಳೆಯ ಮೊಟ್ಟೆಯ ಹಾಳೆಗಳನ್ನು ಸಂಪಾದಿಸಿದೆ. ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಕಾಗದದ ಮೇಲೆ ಅಂಟಿಕೊಂಡಿರುತ್ತವೆ. ಅವು ನೀಲಿಗೆ ತಿರುಗಿದವೆಂದರೆ ಮರುದಿನ ಬೆಳಗಿನ ಬೆಳಕಿಗೆ ಹುಳು ಹೊರಗೆ ಬಂತೆಂದೇ ಲೆಕ್ಕ. ಬಂದ ಹುಳುವಿಗೆ ಕೂಡಲೇ ಎಳೆ ಸೊಪ್ಪು ಸಿಗದಿದ್ದರೆ ಕಥೆ ಮುಗಿಯಿತು.

ಆ ವರ್ಷದ ಸೆಕೆಗೆ ಮೊಟ್ಟೆಗಳು ನಮ್ಮನ್ನು ಕೇಳದೆ ಬೇಗನೆ ನೀಲಿಯಾದವು. ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ. ಬಸ್ಸೆಂದರೆ ಬೀಡಿಯ ಹೊಗೆ; ಹೊಗೆಸೊಪ್ಪಿನ ಗಾಳಿ ರೇಷ್ಮೆ ಹುಳುವಿಗೆ ವಿಷ. ಎತ್ತಿನ ಗಾಡಿ ತಲುಪುವ ಹೊತ್ತಿಗೆ ಹುಳುಗಳು ತಾವೇ ಇಳಿದು ನಡೆದು ಹೋಗಬಹುದಿತ್ತು. ಉಳಿದದ್ದು ಮೋಟಾರ್ ಸೈಕಲ್.

ಚಿಕ್ಕಪ್ಪ ಆ ಬೆಳಿಗ್ಗೆ ಮಾಡಿದ ತ್ಯಾಗ ನಮ್ಮ ವಂಶದ ಚರಿತ್ರೆಯಲ್ಲಿ ಸೇರಬೇಕಾದದ್ದು. ಸೊಂಟದಿಂದ ತಮ್ಮ ನಸ್ಯದ ಡಬ್ಬಿ ತೆಗೆದು, ನಸ್ಯವನ್ನೆಲ್ಲ ತಿಪ್ಪೆಗೆ ಸುರಿದರು. ತಿರುಪು ಮುಚ್ಚಳದ ಹಿತ್ತಾಳೆ ಡಬ್ಬಿ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನೀರಲ್ಲಿ ಕುದಿಸಿ, ಮತ್ತೆ ತಿಕ್ಕಿ, ಮೂಗಿನ ಹತ್ತಿರ ಹಿಡಿದು ಪರೀಕ್ಷಿಸಿ, ಮತ್ತೊಮ್ಮೆ ಕುದಿಸಿದರು. ನಸ್ಯದ ಒಂದು ಕಣ ಉಳಿದರೂ ಇಂಜಿನ್ನಿಗೆ ಸೀನು ಬರುತ್ತದೆ ಎಂದರು. ಪಾತ್ರೆಗೆ ಕಲಾಯಿ ಹಾಕುವ ಸಾಬರು ಡಬ್ಬಿಯ ತಳಕ್ಕೊಂದು, ಮುಚ್ಚಳಕ್ಕೊಂದು ತೂತು ಕೊರೆದು, ಪೆಟ್ರೋಲಿನ ತಾಮ್ರದ ಕೊಳವೆಯನ್ನು ನಡುವೆ ಕತ್ತರಿಸಿ, ಎರಡು ತುದಿಗಳನ್ನೂ ಬೆಸುಗೆ ಹಾಕಿ ಕೂರಿಸಿಕೊಟ್ಟರು. ಇನ್ನು ಡಬ್ಬಿಯ ಬಾಯಿಗೆ ಅಡ್ಡವಾಗಿ ಬಿಗಿಯಲು ನಯವಾದ ಬಟ್ಟೆ ಬೇಕಾಗಿತ್ತು.

ಅಮ್ಮ ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ರವಿಕೆಗೆಂದು ದೊಡ್ಡಬಳ್ಳಾಪುರದಿಂದ ತರಿಸಿ ಇಟ್ಟುಕೊಂಡಿದ್ದ ತೆಳು ರೇಷ್ಮೆ. ಚಿಕ್ಕಪ್ಪ ಬೇಡವೆಂದರು, ಹಳೆಯ ಪಂಚೆ ಸಾಕೆಂದರು. ಮಗಳ ಹುಳುವಿಗೆ ಹರಕಲು ಪಂಚೆಯಲ್ಲಿ ಸೋಸುತ್ತಾರೆಯೇ ಎಂದು ಅಮ್ಮ ಕತ್ತರಿ ಹಾಕಿಯೇಬಿಟ್ಟಳು. ಹುಳುವಿಗೂ ಪೆಟ್ರೋಲಿಗೂ ಅವಳು ಕಲ್ಪಿಸಿಕೊಂಡಿದ್ದ ಸಂಬಂಧವನ್ನು ತಿದ್ದಲು ನಮಗೆ ವೇಳೆಯಿರಲಿಲ್ಲ.

ಹೊಸ ಬಟ್ಟೆ ಎಂದ ಮೇಲೆ ಮೂಲೆಗಳಿಗೆ ಅರಿಶಿನ ಹಚ್ಚದೆ ಬಳಸುವ ಪದ್ಧತಿ ನಮ್ಮಲ್ಲಿಲ್ಲ. ಇದು ದುಂಡಗೆ ಕತ್ತರಿಸಿದ ಬಟ್ಟೆ. ಮೂಲೆ ಎಲ್ಲಿಂದ ಬರಬೇಕು? ಅಮ್ಮ ಆ ಸಮಸ್ಯೆಯನ್ನು ಅಂಚಿನ ಸುತ್ತಲೂ ಹಚ್ಚಿ ಬಗೆಹರಿಸಿದಳು. ಹೋಗುವುದು ದೂರದ ದಾರಿಯಾದ್ದರಿಂದ ನಡುವೆಯೂ ಒಂದು ಬೊಟ್ಟಿಟ್ಟಳು. ನಾವಿಬ್ಬರೂ ಎದುರಿಗೇ ನಿಂತು ನೋಡಿದೆವು. ನಸ್ಯದ ಕಣಕ್ಕೆ ಹೆದರಿದ್ದ ಚಿಕ್ಕಪ್ಪನಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅರಿಶಿನವಿಲ್ಲದೆ ಕೂರಿಸಿದ್ದರೆ ಪ್ರಾಯಶಃ ಇಬ್ಬರಿಗೂ ಏನೋ ಕೊರತೆ ಕಾಣುತ್ತಿತ್ತು.

ಮಧ್ಯಾಹ್ನ ಹೊರಟೆವು. ಒದ್ದೆ ಬಟ್ಟೆ ಹೊದಿಸಿದ ಬಿದಿರು ಬುಟ್ಟಿಯಲ್ಲಿ ಮೊಟ್ಟೆಯ ಹಾಳೆಗಳು. ಬುಟ್ಟಿ ನನ್ನ ತೊಡೆಯ ಮೇಲೆ. ಗಾಡಿ ಎಂದೂ ಓಡದ ಹಾಗೆ ಓಡಿತು. ಚಿಕ್ಕಪ್ಪ ಮೊದಲ ಬಾರಿಗೆ ಅದನ್ನು ಹೊಗಳಿದರು. ಹೊಗಳಿಕೆ ಅದಕ್ಕೆ ಒಗ್ಗಲಿಲ್ಲ. ಸೂಲಿಬೆಲೆ ಇನ್ನೂ ಮುಂದಿರುವಾಗಲೇ ಕೆಮ್ಮಿ, ಹೊಂಗೆ ಮರವೊಂದರ ಕೆಳಗೆ ನಿಂತಿತು.

ಚಿಕ್ಕಪ್ಪ ಡಬ್ಬಿಯ ತಿರುಪು ಬಿಚ್ಚಿದರು. ಟ್ಯಾಂಕಿನ ಕಡೆ ಕೆಂಪು ತುಕ್ಕು ರೇಷ್ಮೆಯ ಮೇಲೆ ಶಿಸ್ತಾಗಿ ನಿಂತಿತ್ತು, ಒಂದು ಕಣವೂ ದಾಟಿರಲಿಲ್ಲ. ಕಾರ್ಬುರೇಟರ್ ಬಿಚ್ಚಿ ಆ ಸಣ್ಣ ತೂತನ್ನು ಬಿಸಿಲಿಗೆ ಹಿಡಿದರು. ಹಳದಿ. ಒಣಗಿದ ಅರಿಶಿನ ಬಟ್ಟೆಯ ಆಚೆ ಬದಿಯಿಂದ ಉದುರಿ, ಸೀದಾ ಹೋಗಿ ಅಲ್ಲಿ ಕೂತಿತ್ತು.

ನಾನು ಬುಟ್ಟಿಯ ಬಟ್ಟೆ ಸರಿಸಿ ನೋಡಿದೆ. ಮೊಟ್ಟೆಗಳು ಇನ್ನಷ್ಟು ಕಡುನೀಲಿಯಾದಂತೆ ತೋರಿತು.

"ಮನೇಲಿ ಹೇಳ್ಬೇಡ ಕಣೋ," ಎಂದರು ಚಿಕ್ಕಪ್ಪ. "ಅತ್ತಿಗೆ ಆಸೆಪಟ್ಟು ಅರಿಶಿನ ಇಟ್ಟಿದ್ದಾರೆ."

"ಅಕ್ಕ ಕೇಳಿದ್ರೆ?"

"ಮಿಲಿಟರಿ ಗಾಡಿ, ನಡುವೆ ರೆಸ್ಟ್ ತಗೊಳ್ತು ಅನ್ನು."

ರೇಷ್ಮೆಯನ್ನು ಪೆಟ್ರೋಲಿನಲ್ಲಿ ಜಾಲಿಸಿ, ಎರಡೂ ಬದಿಯನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ತೂತಿನ ಬಾಯಿಗೆ ಬಾಯಿಟ್ಟು ಕೆನ್ನೆ ಉಬ್ಬಿಸಿ ಊದಿದರು. ರೇಷನ್ ಪೆಟ್ರೋಲಿನಲ್ಲಿ ತೊಳೆದದ್ದರಿಂದ ಟ್ಯಾಂಕಿನಲ್ಲಿ ಉಳಿದದ್ದು ಊರು ತಲುಪಲಷ್ಟೇ ಸಾಕೆಂಬಂತಿತ್ತು. ಹಾಗೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಇಳಿಜಾರು ಬಂದಾಗಲೆಲ್ಲ ಇಂಜಿನ್ ಆರಿಸಿ ಗಾಡಿಯನ್ನು ಸುಮ್ಮನೆ ಉರುಳಲು ಬಿಟ್ಟದ್ದರಿಂದ ನನಗೆ ಗೊತ್ತಾಯಿತು. ಆಮೇಲೆ ಒಂದು ಸಲವೂ ಅದು ಕೆಮ್ಮಲಿಲ್ಲ. ಗೋಧೂಳಿಯ ಹೊತ್ತಿಗೆ ಅಕ್ಕನ ಬಾಗಿಲಲ್ಲಿದ್ದೆವು.

ಅವಳು ನಮ್ಮನ್ನು ನೋಡುವ ಮೊದಲು ಬುಟ್ಟಿಯನ್ನು ನೋಡಿದಳು. ಅದು ಸರಿಯೇ. ಚಿಕ್ಕಪ್ಪನ ಮೈಗೆ ನಸ್ಯದ ಹೊಗೆಸೊಪ್ಪಿನ ವಾಸನೆ ಅಂಟಿರಬಹುದೆಂದು ಅವರನ್ನು ಹುಳುಮನೆಯ ಹೊಸ್ತಿಲು ತುಳಿಯಲು ಬಿಡಲಿಲ್ಲ. ಕೂದಲೆಳೆಯಂಥ ಹುಳುವಿಗಾಗಿ ಸೈನ್ಯದ ಮನುಷ್ಯ ಜಗುಲಿಯ ಮೇಲೆ ಮಲಗಿದರು. ಅಕ್ಕನ ಮಾವ ಎಲ್ಲವನ್ನೂ ನೋಡಿ, ದನಕ್ಕೆ ಹುಲ್ಲು ಹಾಕಲು ಹೋದರು.

ಬೆಳಿಗ್ಗೆ ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಅಕ್ಕ ಹುಳುಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಹುಳು ಹರಡುವ ಕೋಳಿಗರಿ. ಮುಖ ನೋಡಿದರೆ ಸಾಕಾಗಿತ್ತು. ಆದರೂ ಚಿಕ್ಕಪ್ಪ ಎದ್ದು ಕೂತು, ಏನಾಯ್ತವ್ವ ಎಂದರು.

"ಎದ್ದವೆ ಚಿಕ್ಕಪ್ಪ. ಹಾಳೆ ತುಂಬಾ ಎದ್ದವೆ."

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ನಾನು ಅವರ ಬೋಳು ನೆತ್ತಿಯನ್ನು ಹಗಲಿನಲ್ಲಿ ನೋಡಿದ್ದು ಅದೇ ಮೊದಲು. ಅಕ್ಕ ಗದರಿದಳು.

"ಹಿಂಗೆ ಕೂತಿದ್ರೆ ಅವುಕ್ಕೆ ಹೊಟ್ಟೆ ತುಂಬ್ತದಾ? ಎಳೇ ಸೊಪ್ಪು ಕುಯ್ಕೊಂಡ್ ಬನ್ನಿ, ಹೋಗಿ."

ನಾವು ಕುಕ್ಕೆ ಹಿಡಿದು ಹೊರಟೆವು. ಹೊಲದ ಬದುವಿನ ಮೇಲೆ ಅಕ್ಕನ ಮಾವ ಆಗಲೇ ಬಗ್ಗಿ, ಕುಡಿ ಸೊಪ್ಪನ್ನು ಒಂದೊಂದಾಗಿ ಚಿವುಟಿ ತಮ್ಮ ಟವಲಿನೊಳಗೆ ತುಂಬಿಕೊಳ್ಳುತ್ತಿದ್ದರು.